ಬಿಚ್ಚಿ ಕಟ್ಟಿದ ದಾರ

ಬೆಳಗಿನ ಆರೂವರೆ. ಕೊಚ್ಕೋರ್ ಊರಿನ ಕೆಳಬೀದಿಯ ಅಂಗಳದಲ್ಲಿ ಜೆಕ್ಷೆನ್ ಮಂಡಿಯೂರಿ ಕೂತು ಮೀನಿನ ಗಾಳದ ದಾರವನ್ನು ಕಬ್ಬಿಣದ ಗೂಟಕ್ಕೆ ಸುತ್ತುತ್ತಿದ್ದಾರೆ. ಅಲ್ಲಿ ನಿಂತಿರುವ ಕಾರಿನ ಎರಡೂ ಪಕ್ಕದಲ್ಲಿ, ಚಕ್ರದ ನಡುಮಟ್ಟದ ಎತ್ತರಕ್ಕೆ, ಹಿಂದಿನಿಂದ ಮುಂದಕ್ಕೆ ಒಂದೊಂದು ದಾರ. ಮುಂದಿನ ಚಕ್ರಗಳು ಸಲೀಸಾಗಿ ತಿರುಗಲೆಂದು ಅಡಿಯಲ್ಲಿ ಸೋಪು ಸವರಿದ ಪ್ಲಾಸ್ಟಿಕ್ ಹಾಳೆ. ಸ್ಟೇರಿಂಗ್ ಅಲುಗದಂತೆ ಹಳೆಯ ಸೊಂಟದ ಬೆಲ್ಟಿನಿಂದ ಬಿಗಿದಾಗಿದೆ. ನೆಲ ಇನ್ನೂ ಹೆಪ್ಪುಗಟ್ಟಿದೆ. ಅರವತ್ತಮೂರರ ಮಂಡಿಗೆ ಇದು ಒಳ್ಳೆಯದಲ್ಲ ಎಂದರೆ ಕೇಳುವ ಆಸಾಮಿಯಲ್ಲ.

ದಾರದಿಂದ ಚಕ್ರದ ಅಂಚಿಗೆ ಎಷ್ಟು ದೂರ ಎಂದು ಮುಂದೊಮ್ಮೆ, ಹಿಂದೊಮ್ಮೆ ಅಳೆಯುತ್ತಾರೆ. ಎರಡರ ವ್ಯತ್ಯಾಸ ನೋಡಿದರೆ ಚಕ್ರ ಒಳಕ್ಕೆ ತಿರುಗಿದೆಯೋ ಹೊರಕ್ಕೋ ಎಂದು ಗೊತ್ತಾಗುತ್ತದೆ. ಆಮೇಲೆ ಕಾರಿನಡಿ ತೂರಿ ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳಿನ ನಟ್ಟನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯುತ್ತಾರೆ. ಒಂದು ಕಾರಿಗೆ ಮೂರು ಗಂಟೆ, ವಾರಕ್ಕೆ ನಾಲ್ಕೈದು ಕಾರು. ಬೋರ್ಡಿಲ್ಲ, ರಸೀತಿ ಇಲ್ಲ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನ್ನ ಡಕೋಟ ಕಾರೂ ಹನ್ನೊಂದು ವರ್ಷದಿಂದ ನೇರವಾಗಿ ಓಡುತ್ತಿರುವುದು ಈ ದಾರದ ಪುಣ್ಯದಿಂದ.

"ಅಲೈನ್‌ಮೆಂಟ್ ಮೆಷಿನ್ ಇರೋದು ದೂರದ ಬಿಷ್ಕೆಕ್‌ನಲ್ಲಿ, ಗಾಡಿ ಒಂದ್ಕಡೆ ಎಳೀತಿರೋದು ಇಲ್ಲಿ. ಅಲ್ಲಿಗೆ ಹೋಗೋಷ್ಟರಲ್ಲಿ ಟೈರೇ ಮುಗ್ದಿರುತ್ತೆ," ಎನ್ನುತ್ತಾರೆ ಜೆಕ್ಷೆನ್.

ಸಾಮೂಹಿಕ ಜಮೀನಿನಲ್ಲಿ ಟ್ರಾಕ್ಟರ್ ರಿಪೇರಿ ಮಾಡುತ್ತಿದ್ದವರು. ಜಮೀನು ಹರಿದು ಹಂಚಿಹೋದಾಗ ಕೆಲಸವೂ ಹೋಯಿತು. ಕೈಗೆ ಬಂದ ಹಳೆಯ ಕಾರನ್ನು ಹಟಕ್ಕೆ ಬಿದ್ದು ಮನೆಯಲ್ಲೇ ಸರಿಮಾಡಲು ಹೋಗಿ ಎರಡು ಟೈರು ಹಾಳುಮಾಡಿದರು, ಮೂರನೆಯದು ಉಳಿಯಿತು. ಕಾರು ಓಡುವಾಗ ಎಷ್ಟು ಭಾರವಿರುತ್ತದೋ ಅಳೆಯುವಾಗಲೂ ಅಷ್ಟೇ ಇರಬೇಕೆಂಬುದು ಅವರ ಕಟ್ಟಳೆ. ಅದಕ್ಕೆ ಹೆಂಡತಿ ಬುರುಲ್ಚಾ ಸೀಟಿನಲ್ಲಿ ಕೂರಲೇಬೇಕು.

"ಮದುವೆ ಆಗಿ ನಲವತ್ತು ವರ್ಷ. ದಿನಾ ಕಾರಲ್ಲಿ ಕೂರಿಸ್ತಾರೆ, ಒಂದಿನಾನೂ ಗೇಟು ದಾಟಿಸಿಲ್ಲ," ಎನ್ನುತ್ತಾರೆ ಆಕೆ. ಇವತ್ತು ಆ ಮಾತಿಗೆ ಜೆಕ್ಷೆನ್ ನಗುವುದಿಲ್ಲ.

ಮೂರು ತಿಂಗಳಿಂದ, ಇವತ್ತಿನವರೆಗೆ, ಅವರು ದಾರ ಮುಟ್ಟಿರಲಿಲ್ಲ. ಕಳೆದ ನವೆಂಬರಿನಲ್ಲಿ ತಾಲಾಯ್ ಎಂಬ ಟ್ಯಾಕ್ಸಿ ಚಾಲಕನ ಕಾರನ್ನು ಇಲ್ಲೇ ಸರಿಮಾಡಿದ್ದರು. ಕೆಲಸದ ನಡುವೆ ಊರಿನ ಹಿರಿಯ ಅಸಾನಲಿ ಬಂದರು. ಕುರಿಮರಿ ಕಟ್ಟಿದ ಹಗ್ಗವನ್ನೂ ದಾಟಬಾರದೆಂದು ಕೇಳಿ ಬೆಳೆದವರು ನಾವು. ಎಂಬತ್ತೇಳರ ಹಿರಿಯರಿಗೆ ದಾರ ದಾಟಿ ಬನ್ನಿ ಎನ್ನಲಾದೀತೆ? ಸುತ್ತಿ ಬನ್ನಿ ಎಂದರೆ ಹಟ್ಟಿಯ ಕೆಸರು. ಜೆಕ್ಷೆನ್ ಎಡಗಡೆಯ ಮುಂದಿನ ಗೂಟದಿಂದ ದಾರ ಬಿಚ್ಚಿದರು, ಅಜ್ಜನನ್ನು ಕೈಹಿಡಿದು ಒಳಗೆ ಕರೆದೊಯ್ದು ಚಹಾ ಕೊಟ್ಟರು, ವಾಪಸು ಬಂದು ದಾರ ಕಟ್ಟಿದರು. ಅದು ಮೊದಲಿನ ಜಾಗದಲ್ಲೇ ಇದೆಯೇ ಎಂದು ನೋಡಲಿಲ್ಲ.

ಆರು ವಾರದ ನಂತರ ದೊಲೋನ್ ಘಟ್ಟ ಇಳಿಯುವಾಗ ತಾಲಾಯ್‌ನ ಎಡಗಡೆಯ ಮುಂದಿನ ಟೈರು ಸಿಡಿದು ಕಾರು ಮಗುಚಿತು. ಅವನ ಬಲಗಾಲನ್ನು ಮಂಡಿಯ ಕೆಳಗೆ ಕತ್ತರಿಸಬೇಕಾಯಿತು. ಮಂಜುಗಡ್ಡೆಯ ಮೇಲೆ ಜಾರಿದೆ ಎಂದರು ಎಲ್ಲರೂ. ಜೆಕ್ಷೆನ್ ಮಾತ್ರ ಹೋಗಿ ಆ ಟೈರಿನ ಒಳಅಂಚಿಗೆ ಕೈಯಾಡಿಸಿದರು. ತಂತಿ ಕಾಣುವಷ್ಟು ಸವೆದಿತ್ತು.

"ದಾರಾನ ಎರಡು ಬೆರಳು ಹೊರಗೆ ಕಟ್ಟಿದ್ದೆ ಅನ್ಸುತ್ತೆ, ಚಕ್ರಾನೂ ಹಾಗೇ ತಿರುಗ್ಕೊಂಡಿತ್ತು. ಬರ್ಕೊಳ್ಳಿ, ಪರವಾಗಿಲ್ಲ. ಅವಳಿಗೆ ಇವತ್ತು ಹೇಳ್ತೀನಿ."

ಅವಳೆಂದರೆ ತಾಲಾಯ್‌ನ ಹೆಂಡತಿ ಮೇರಿಮ್. ಗಂಡನ ಬದಲು ನರಿನ್ ದಾರಿಯಲ್ಲಿ ಇನ್ನು ಅವಳೇ ಟ್ಯಾಕ್ಸಿ ಓಡಿಸಬೇಕು. ಅಂಗಳದಲ್ಲಿ ನಿಂತಿರುವುದು ಅವಳು ಕೊಂಡ ಹಳೆಯ ಕಾರು. ಎಂಟು ಗಂಟೆಗೆ ಅವಳು ಬರುತ್ತಾಳೆ. ಜೆಕ್ಷೆನ್ ಟೋಪಿ ತೆಗೆದು ಎಲ್ಲವನ್ನೂ ಹೇಳುತ್ತಾರೆ, ತಡವರಿಸದೆ.

"ಕೇಳಿದ್ಮೇಲೆ ಗಾಡಿ ತಗೊಂಡು ಹೋಗ್ತೀನಿ ಅಂದ್ರೂ ತಪ್ಪಿಲ್ಲ, ಮಗಳೇ," ಎನ್ನುತ್ತಾರೆ.

ಮೇರಿಮ್ ದಾರದ ಬಳಿ ಹೋಗಿ ನಿಲ್ಲುತ್ತಾಳೆ. "ಸ್ಟೇರಿಂಗ್ ಸೊಟ್ಟಗಿದೆ ಅಂತ ನಮ್ಮವ್ರು ಅಂತಿದ್ರು. ನಿಮ್ಗೆ ತೋರ್ಸಿ ಅಂದೆ. ಜೆಕ್ಷೆನ್ ಅಣ್ಣ ಮಾಡಿದ್ದು, ರಸ್ತೇನೇ ಸೊಟ್ಟಗಿರ್ಬೇಕು ಅಂದ್ರು. ಅಷ್ಟು ನಂಬಿದ್ರು ನಿಮ್ಮನ್ನ."

ಜೆಕ್ಷೆನ್ ಬಗ್ಗಿ ಸ್ಕೇಲು ಎತ್ತಿಕೊಳ್ಳುತ್ತಾರೆ.

"ನಾನು ನಂಬಲ್ಲ. ಸ್ಕೇಲ್ ಕೊಡಿ ಇಲ್ಲಿ. ಹೇಗೆ ಅಂತ ಹೇಳಿ, ನಾನೇ ಅಳೀತೀನಿ."

ಅವರು ಹೇಳುತ್ತಾರೆ, ಅವಳು ನೆಲಕ್ಕೆ ಕೆನ್ನೆ ಹಚ್ಚಿ ಅಳೆಯುತ್ತಾಳೆ. ಮೊದಲು ದಾರದ ನಾಲ್ಕೂ ತುದಿ, ಆಮೇಲೆ ಚಕ್ರ. ಎಡಚಕ್ರದ ಹಿಂದಿನ ಅಂಚಿಗೆ ಬಂದಾಗ ಜೆಕ್ಷೆನ್ ತಾವು ಮುಂಜಾನೆ ಅಳೆದಿದ್ದನ್ನು ಹೇಳುತ್ತಾರೆ: "ಹದಿಮೂರು ಬರ್ಬೇಕು."

"ಹದಿಮೂರಲ್ಲ. ಹದಿನಾಲ್ಕು."

"ಸರಿಯಾಗಿ ನೋಡಮ್ಮ."

"ನೀವೇ ನೋಡಿ, ಕನ್ನಡಕ ಹಾಕ್ಕೊಂಡು."

ಕನ್ನಡಕ ಹಾಕಿಕೊಂಡು ಅವರು ಎರಡು ಸಲ ನೋಡುತ್ತಾರೆ. "ಹದಿನಾಲ್ಕೇ," ಎಂದು ಮೆಲ್ಲಗೆ ಹೇಳಿ ಕಾರಿನಡಿ ತೂರಿ ನಟ್ಟು ಸಡಿಲಿಸುತ್ತಾರೆ.

ಹನ್ನೊಂದರ ಹೊತ್ತಿಗೆ ಕೆಲಸ ಮುಗಿಯುತ್ತದೆ. ಬುರುಲ್ಚಾ ರೊಟ್ಟಿ ಹಿಡಿದು ಗೇಟಿನ ಬಳಿ ನಿಲ್ಲುತ್ತಾರೆ. ನಮ್ಮಲ್ಲಿ ಒಂದು ಚೂರಾದರೂ ಮುರಿದು ಬಾಯಿಗಿಡದೆ ಯಾರೂ ಯಾರ ಮನೆಯಿಂದಲೂ ಹೊರಡುವುದಿಲ್ಲ. ಮೇರಿಮ್ ಹೊರಡುತ್ತಾಳೆ. "ಮುಂದಿನ ಸಲ ನಮ್ಮನೆ ಅಂಗಳದಲ್ಲಿ ನಾನೇ ದಾರ ಕಟ್ಕೋತೀನಿ," ಎಂದಷ್ಟೇ ಹೇಳಿ ಕಾರು ಹತ್ತುತ್ತಾಳೆ. ರೊಟ್ಟಿ ಬುರುಲ್ಚಾ ಕೈಯಲ್ಲೇ ಉಳಿಯುತ್ತದೆ.

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಈ ಹೊತ್ತಿನಲ್ಲಿ ಕೇಳಬಾರದ ಪ್ರಶ್ನೆ. ಜೆಕ್ಷೆನ್ ರಸ್ತೆಯ ಕಡೆ ನೋಡುತ್ತಲೇ ಉತ್ತರಿಸುತ್ತಾರೆ.

"ಹತ್ತು ಜನಕ್ಕೆ ಕಲಿಸಿದ್ದೀನಿ. ನೀವು ಅಳೆದಿದ್ದು ತಪ್ಪು ಅಂತ ಒಬ್ರೂ ನನ್ ಮುಖಕ್ಕೆ ಹೇಳಿರ್ಲಿಲ್ಲ. ಇವಳು ಹೇಳಿದ್ಲು. ಅವಳ ಗಾಡಿ ಬಗ್ಗೆ ಇನ್ನು ನಂಗೆ ಭಯ ಇಲ್ಲ."