ಮುನಿಯಪ್ಪನವರು ನೆಟ್ಟ ಕಡೆಯ ಗಡಿಕಲ್ಲು

ಹೊಸೂರಿನ ಹತ್ತಿರದ ಅವಲಪಲ್ಲಿಯ ಸುತ್ತಮುತ್ತ ಅಣ್ಣತಮ್ಮಂದಿರು ಬೇರೆಯಾಗುವಾಗ ಮೊದಲು ಕರೆಯುತ್ತಿದ್ದುದು ಮುನಿಯಪ್ಪನವರನ್ನು. ಸರ್ವೆಯವರು, ವಕೀಲರು ಎಲ್ಲ ಆಮೇಲೆ. ಅವರು ಬಂದವರೇ ಚಪ್ಪಲಿ ಬಿಟ್ಟು ಹೊಲದ ನಾಲ್ಕು ಮೂಲೆಗೂ ನಡೆಯುತ್ತಿದ್ದರು. ನಡೆಯದೆ ಪಾಲು ಹೇಳಿದವರಲ್ಲ. ಬಾವಿ, ಕಣ, ಓಡಾಡುವ ದಾರಿ, ದೇವರ ಪೆಟ್ಟಿಗೆ ಇಷ್ಟನ್ನು ಜಂಟಿಯಾಗಿ ಬಿಟ್ಟು ಉಳಿದದ್ದನ್ನು ದೊಡ್ಡವನ ಕೈಯಲ್ಲೇ ಎರಡು ಮಾಡಿಸುತ್ತಿದ್ದರು. ಯಾವ ಪಾಲು ಬೇಕೆಂದು ಮೊದಲು ಆರಿಸುವವನು ಮಾತ್ರ ಚಿಕ್ಕವನು. ಅದಕ್ಕೇ ದೊಡ್ಡವನು ಬೆವರುತ್ತಾ ಬೆವರುತ್ತಾ ಸಮನಾಗಿ ಹಂಚುತ್ತಿದ್ದ. ಕೊನೆಗೆ ಗಡಿಯಲ್ಲಿ ಕಲ್ಲು ನೆಟ್ಟು, ಕರ್ಪೂರ ಹಚ್ಚಿ, ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿ, ತಾವೂ ಉಂಡು ಎದ್ದು ಬರುತ್ತಿದ್ದರು.

“ನಾನು ಮಾಡಿದ್ ಪಾಲು ಒಂದೂ ಕೃಷ್ಣಗಿರಿ ಕೋರ್ಟಿನ ಮೆಟ್ಲು ಹತ್ತಿಲ್ಲ” ಎಂದು ಹೇಳಿಕೊಳ್ಳುವುದೊಂದೇ ಅವರಿಗಿದ್ದ ಜಂಬ. ಹೆಂಡತಿ ತೀರಿಕೊಂಡ ಮೇಲೆ, ಮೊಣಕಾಲು ಹಿಡಿದುಕೊಂಡ ಮೇಲೆ, ಹೊಲಗಳೆಲ್ಲ ಸೈಟುಗಳಾಗಿ ಮಾರಾಟವಾಗಿ ಯಾರೂ ಪಾಲಿಗೆ ಕರೆಯದೇ ಹೋದ ಮೇಲೆ, ಅವರ ಬಳಿ ಉಳಿದದ್ದು ಆ ಒಂದು ಮಾತು.

ಹೀಗಿರುವಾಗ ವರಲಕ್ಷ್ಮಮ್ಮ ಹೇಳಿಕಳಿಸಿದರು. ಅವರ ಗಂಡ ರಾಮಕೃಷ್ಣಪ್ಪ ಬದುಕಿದ್ದಾಗ ಮುನಿಯಪ್ಪನವರ ಜೊತೆಗಾರ. ಈಗ ಮನೆಯ ಕೆಳಗಡೆ ವರಲಕ್ಷ್ಮಮ್ಮ, ಮೇಲ್ಗಡೆ ಗಂಡುಮಕ್ಕಳಿಬ್ಬರು, ದೊಡ್ಡವನು ಗೋಪಿನಾಥ, ಚಿಕ್ಕವನು ನಂದೀಶ. ಅವರ ಕಂಪ್ಯೂಟರ್ ಕೆಲಸವೂ ಅಲ್ಲೇ. ವಾರದಿಂದ ಇಬ್ಬರಿಗೂ ಮಾತಿಲ್ಲ. ಕಾಫಿ ಬೇಕಾದರೂ ಅಮ್ಮನ ಮೂಲಕವೇ ಕೇಳುತ್ತಿದ್ದರು.

“ಬೇರೆ ಆಗ್ತಾರಂತೆ ಮುನಿಯಪ್ಪಣ್ಣ” ಎಂದರು ವರಲಕ್ಷ್ಮಮ್ಮ.

“ಜಮೀನೆಲ್ಲಾ ಮಾರಿದ್ದಾಯ್ತಲ್ಲಮ್ಮ. ಇನ್ನೇನೈತೆ ಬೇರೆ ಆಗಾಕೆ?”

“ಕಂಪ್ಯೂಟರಲ್ಲಿ ಏನೋ ಐತಂತೆ. ಅದು ಇಬ್ರದೂ ಅಂತೆ.”

ಅದೇನೆಂದು ಗೋಪಿನಾಥ ವಿವರಿಸಿದ್ದನ್ನು ವರಲಕ್ಷ್ಮಮ್ಮ ಪಕ್ಕದ ಮನೆಯ ನನಗೆ ಹೇಳಿದರು, ಕಾರ್ತಿಕದ ಸೋಮವಾರ ಚಂದ್ರಚೂಡೇಶ್ವರನ ಬೆಟ್ಟ ಹತ್ತುವಾಗ, ಮೆಟ್ಟಿಲಿಗೊಮ್ಮೆ ನಿಂತು. ಈಗ ಕೋಡ್ ಬರೆಯುವುದಕ್ಕೆ ಎಐ ಸಹಾಯಕ ಇದೆಯಲ್ಲ, ಅದಕ್ಕೆ ಪ್ರತಿಸಲ ಉದ್ದುದ್ದ ಹೇಳಬೇಕಾಗಿಲ್ಲದಂತೆ ಇವರು ಕಮಾಂಡುಗಳನ್ನು ಬರೆದಿಟ್ಟಿದ್ದರು. ಒಂದು ಪದ ಒತ್ತಿದರೆ ಸಾಕು, ಅದರ ಹಿಂದೆ ಬರೆದಿಟ್ಟ ಮಾತುಗಳನ್ನೆಲ್ಲ ಅದು ಓದಿಕೊಂಡು ಹಾಗೇ ಮಾಡುತ್ತದೆ: ತಪ್ಪು ಹುಡುಕು, ಪರೀಕ್ಷೆ ಮಾಡು, ಹಳೆಯದನ್ನು ತೆಗೆ, ಬದಲಾಯಿಸಿದ್ದನ್ನು ಬರೆದಿಡು. ಇಂಥವುಗಳ ಕಂತೆಯೇ ಅವರ ಪ್ಯಾಕೇಜ್. ಹೊಸೂರಿನಲ್ಲಿ, ಕೃಷ್ಣಗಿರಿಯಲ್ಲಿ, ಬೆಂಗಳೂರಿನಲ್ಲಿ ಅದನ್ನು ಬಳಸುವವರಿದ್ದರು. ಅಣ್ಣ ಒಂದು ಸೇರಿಸಿದ, ತಮ್ಮ ಇನ್ನೊಂದು ಸೇರಿಸಿದ, ಕೊನೆಗೆ ಎಲ್ಲಾ ಒಂದೇ ಫೋಲ್ಡರಿನಲ್ಲಿ ರಾಶಿ ಬಿತ್ತು. ಸರಿಯಾಗಿ ಜೋಡಿಸಬೇಕೆಂದು ಇಬ್ಬರೂ ಒಪ್ಪಿದರು. ಹೇಗೆ ಎನ್ನುವುದರಲ್ಲಿ ಜಗಳ. ಯಾವ ಕೆಲಸ ಮೊದಲೋ ಆ ಕ್ರಮದಲ್ಲಿರಲಿ ಅಂತ ಗೋಪಿನಾಥ. ಬಳಸುವವರು ಯಾರೋ ಅವರಿಗೆ ತಕ್ಕಂತಿರಲಿ ಅಂತ ನಂದೀಶ. ಗೋಪಿನಾಥ ಬೆಳಿಗ್ಗೆ ಜೋಡಿಸಿದ್ದನ್ನು ನಂದೀಶ ಮಧ್ಯಾಹ್ನ ಬದಲಾಯಿಸಿದ. ಬಳಸುವವರು ನಿನ್ನೆ ಇದ್ದ ಕಮಾಂಡು ಇವತ್ತು ಕಾಣದೆ ಫೋನ್ ಮಾಡಿ ಬೈದರು.

ಮುನಿಯಪ್ಪನವರು ಮಹಡಿ ಹತ್ತಿ ಬಾಗಿಲಲ್ಲೇ ಚಪ್ಪಲಿ ಬಿಟ್ಟರು.

“ಎಲ್ಲೈತೆ ಸೊತ್ತು?”

ಗೋಪಿನಾಥ ಲ್ಯಾಪ್‌ಟಾಪ್ ತೋರಿಸಿದ. “ಇದ್ರಾಗೂ ಐತೆ ಮಾವ, ಬೇರೆ ಕಡೇನೂ ಐತೆ.”

“ಬೇರೆ ಕಡೆ ಅಂದ್ರೆ?”

“ಅಮೆರಿಕದಲ್ಲೋ ಸಿಂಗಪುರದಲ್ಲೋ, ಯಾವ್ದೋ ಕಂಪ್ಯೂಟರಲ್ಲಿ.”

“ಸೊತ್ತು ಎಲ್ಲೈತೆ ಅಂತ್ಲೇ ಗೊತ್ತಿಲ್ದೆ ಕಚ್ಚಾಡ್ತಾ ಇದೀರೇನ್ರಲಾ? ಇದಕ್ಕೆ ಚಕ್ಕುಬಂದಿ ಏನಂತ ಹೇಳ್ಲಿ ನಾನು? ಮೂಡ್ಲಿಗೆ ಕೀಲಿಮಣೆ, ಪಡುವ್ಲಿಗೆ ಫ್ಯಾನು ಅಂತ್ಲಾ?”

ಆದರೂ ಅವರು ಎದ್ದು ಹೋಗಲಿಲ್ಲ. ವರಲಕ್ಷ್ಮಮ್ಮನ ಹತ್ತಿರ ಒಂದು ಮೊರ ಅವರೆಕಾಳು ತರಿಸಿ ನೆಲದ ಮೇಲೆ ಕೂತರು. ಒಂದೊಂದು ಕಮಾಂಡನ್ನೂ ಹೆಸರು ಹಿಡಿದು ಕರೆಯಬೇಕು, ಅದು ಏನು ಮಾಡುತ್ತದೆ, ಯಾರ ಜೊತೆ ಸೇರುತ್ತದೆ ಅಂತ ಹೇಳಬೇಕು, ಹೇಳಿದ್ದಕ್ಕೊಂದು ಕಾಳು. ಹೊಲ ನಡೆಯುವ ಬದಲು ಇದು. ಸಂಜೆಯ ಹೊತ್ತಿಗೆ ನೆಲದ ತುಂಬ ಕಾಳು. ತಪ್ಪು ಹುಡುಕುವುದು ಅಣ್ಣನದೊಂದು, ತಮ್ಮನದೊಂದು, ಬೇರೆ ಬೇರೆ ಹೆಸರಿನಲ್ಲಿ ಸಿಕ್ಕವು.

“ಒಂದೇ ಮನೇಲಿ ಇಬ್ರು ಸೊಸೇರು ಎರಡೊಲೇಲಿ ಸಾರು ಮಾಡ್ದಂಗೆ” ಎಂದು ಮುನಿಯಪ್ಪನವರು ಒಂದು ಕಾಳನ್ನು ಬಾಯಿಗೆ ಹಾಕಿಕೊಂಡರು. ಹಸಿಕಾಳು, ಉಗಿಯಲೂ ಆಗದೆ ನುಂಗಿದರು. ಅದು ನಂದೀಶನದು. ಅವನು ಮುಖ ಊದಿಸಿದ.

ಆಮೇಲೆ ಅವರು ಸಾಕ್ಷಿ ಕೇಳಿದರು. “ಈ ಕೆಲ್ಸ ಎಲ್ಲಾ ಮಾಡೋದು ಯಾರು? ಅದನ್ನೇ ಕೇಳಾವ.”

ಗೋಪಿನಾಥ ಎಐಗೆ ಕನ್ನಡದಲ್ಲೇ ಉತ್ತರಿಸಲು ಹೇಳಿ, ಕೆಲಸದ ಕ್ರಮದಲ್ಲಿ ಜೋಡಿಸುವುದು ಸರಿಯಲ್ಲವೇ ಅಂತ ಕೇಳಿದ. “ತಾವು ಹೇಳಿದ್ದು ಸಂಪೂರ್ಣವಾಗಿ ಸರಿ. ಇದೊಂದು ಅತ್ಯುತ್ತಮ ಆಲೋಚನೆ” ಎಂದಿತು. ನಂದೀಶ ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡು, ಬಳಸುವವರಿಗೆ ತಕ್ಕಂತೆ ಜೋಡಿಸುವುದಲ್ಲವೇ ಸರಿ ಅಂತ ಕೇಳಿದ. “ಕ್ಷಮಿಸಿ, ತಾವು ಹೇಳಿದ್ದು ಸಂಪೂರ್ಣವಾಗಿ ಸರಿ. ನನ್ನ ಹಿಂದಿನ ಮಾತು ತಪ್ಪಾಗಿತ್ತು” ಎಂದಿತು.

ಮುನಿಯಪ್ಪನವರು ತಲೆಯಾಡಿಸಿದರು. “ಇಂಥ ಸಾಕ್ಷೀನ ಬೇಕಾದಷ್ಟು ನೋಡಿವ್ನಿ. ಎರಡೂ ಮನೇಲಿ ಉಂಡಿರ್ತಾನೆ.”

ಕಾಳಿನ ರಾಶಿಯಲ್ಲಿ ಒಂದು ಮಾತ್ರ ಯಾವ ಕಡೆಗೂ ಹೋಗದೆ ನಡುವೆ ಉಳಿದಿತ್ತು. ಅದರ ಹೆಸರು ‘ಶುರು’. ಯಾವ ಕಮಾಂಡು ಒತ್ತಿದರೂ ಎಐ ಮೊದಲು ಶುರುವನ್ನು ಓದಿ, ಈ ಮನೆಯ ರೀತಿನೀತಿ ತಿಳಿದುಕೊಂಡು, ಆಮೇಲೆ ಕೆಲಸಕ್ಕೆ ಇಳಿಯುತ್ತಿತ್ತು. ಅಣ್ಣನೂ ಅದನ್ನು ಬಿಡಲಾರ, ತಮ್ಮನೂ ಬಿಡಲಾರ.

“ಕಾಪಿ ಮಾಡ್ಕೊಂಡ್ರಾಯ್ತು ಮಾವ, ನಂಗೊಂದು ಅವನಿಗೊಂದು. ಒಂದ್ ಸೆಕೆಂಡ್ ಕೆಲ್ಸ” ಎಂದ ನಂದೀಶ.

“ದೇವರ ಪೆಟ್ಟಿಗೇನ ಜೆರಾಕ್ಸ್ ಮಾಡ್ತೀಯೇನ್ಲಾ?”

ತೀರ್ಪಾಯಿತು. ಮಿಕ್ಕ ಕಾಳನ್ನು ಗೋಪಿನಾಥ ಎರಡು ಗುಡ್ಡೆ ಮಾಡಿದ, ನಂದೀಶ ಒಂದನ್ನು ಆರಿಸಿದ. ಒಂದು ಪ್ಯಾಕೇಜ್ ಎರಡಾಯಿತು. ಶುರು ಜಂಟಿ. ಅದನ್ನು ಮುಟ್ಟಬೇಕಾದರೆ ಅಣ್ಣನ ಒಪ್ಪಿಗೆ, ತಮ್ಮನ ಒಪ್ಪಿಗೆ ಬೇಕು, ಮುನಿಯಪ್ಪ ಎದುರಿಗಿರಬೇಕು, ಮೂವರೂ ಒಂದೇ ಪಂಕ್ತಿಯಲ್ಲಿ ಉಂಡಿರಬೇಕು.

ಇಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಪಾಲಿನ ಕಲ್ಲನ್ನು ಗಡಿಯಲ್ಲೇ ನೆಡಬೇಕು, ಮನೆಯ ಅಟ್ಟದ ಮೇಲೆ ಇಡುವುದಲ್ಲ ಅಂತ ಮುನಿಯಪ್ಪನವರ ಪದ್ಧತಿ. ಇಲ್ಲಿ ಗಡಿ ಎಂದರೆ ಶುರುವೇ. “ಅದ್ರ ನೆತ್ತಿ ಮೇಲೇ ಬರಿ. ನನ್ನ ಫೋನ್ ನಂಬರೂ ಹಾಕು. ಸಾಕ್ಷಿ ಅಂದ್ಮೇಲೆ ಕರದ್ರೆ ಸಿಗ್ಬೇಕು” ಎಂದರು. ನಂದೀಶ ಶುರು ಫೈಲಿನ ಮೊದಲ ಸಾಲುಗಳಲ್ಲೇ ತೀರ್ಪನ್ನು ಬರೆದ. ವರಲಕ್ಷ್ಮಮ್ಮ ಲ್ಯಾಪ್‌ಟಾಪಿಗೆ ಅರಿಸಿನ ಕುಂಕುಮ ಇಟ್ಟು ಕರ್ಪೂರ ಹಚ್ಚಿದರು. ಅಣ್ಣತಮ್ಮಂದಿರು ಆರತಿ ಮುಟ್ಟಿ ಒಪ್ಪಿದರು. ಹೊಸದಾಗಿ ಜೋಡಿಸಿದ ಎರಡೂ ಪ್ಯಾಕೇಜುಗಳು ಬಳಸುವವರಿಗೆಲ್ಲ ತಾವಾಗಿಯೇ ಹೋದವು.

ಮರುದಿನ ಬೆಳಿಗ್ಗೆ ಮುನಿಯಪ್ಪನವರು ರಾಗಿ ಅಂಬಲಿ ಕುಡಿಯುತ್ತಿರುವಾಗ ಫೋನ್ ಬಂತು.

“ಮುನಿಯಪ್ಪ ತಾತಾನಾ ಮಾತಾಡೋದು? ನಾನು ಚಂದ್ರಲೇಖಾ ಅಂತ, ಕೃಷ್ಣಗಿರಿಯಿಂದ. ಮಾವಿನಹಣ್ಣಿನ ಮಂಡೀಲಿ ಕಂಪ್ಯೂಟರ್ ಕೆಲ್ಸ ಮಾಡ್ತೀನಿ. ಒಂದು ಹಳೇ ಫೈಲ್ ತೆಗ್ದಾಕ್ಬೇಕು. ನಮ್ಮ ಎಐ ನಿಮ್ಮನ್ನ ಕೇಳು ಅಂತೈತೆ.”

“ನನ್ನಾ?”

“‘ಸಾಕ್ಷಿ ಮುನಿಯಪ್ಪನವರು ಹಾಜರಿದ್ದಾರೆಯೇ?’ ಅಂತೈತೆ. ಆಮೇಲೆ ‘ಊಟವಾಯಿತೇ?’ ಅಂತ ಕೇಳ್ತೈತೆ ತಾತ. ನಮ್ ಮ್ಯಾನೇಜರ್ ಕೂಡ ಯಾವತ್ತೂ ಕೇಳಿಲ್ಲ.”

ನೆತ್ತಿಯ ಮೇಲೆ ಬರೆದದ್ದನ್ನು ಎಐ ತೀರ್ಪೆಂದು ತಿಳಿಯಲಿಲ್ಲ, ತನಗೇ ಹೇಳಿದ ಅಪ್ಪಣೆಯೆಂದು ತಿಳಿಯಿತು. ಯಾವ ಕೆಲಸಕ್ಕೂ ಮೊದಲು ಶುರುವನ್ನು ಮುಟ್ಟಲೇಬೇಕಲ್ಲ, ಹಾಗಾಗಿ ಎಲ್ಲ ಊರಿನಲ್ಲೂ, ಎಲ್ಲ ಕೆಲಸಕ್ಕೂ ಅಣ್ಣನ ಒಪ್ಪಿಗೆ, ತಮ್ಮನ ಒಪ್ಪಿಗೆ, ಮುನಿಯಪ್ಪ. ಒಬ್ಬಳೇ ಮಗಳಾಗಿ ಹುಟ್ಟಿದ ಬೆಂಗಳೂರಿನ ಹುಡುಗಿಯೊಬ್ಬಳಿಗೆ, ತಮ್ಮನನ್ನು ಕರೆತನ್ನಿ ಎಂದಿತಂತೆ.

ಮುನಿಯಪ್ಪನವರಿಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಕರೆದವರಿಗೆಲ್ಲ ತಾಳ್ಮೆಯಿಂದ ಕಿವಿಗೊಟ್ಟರು. “ಯಾಕ್ ತೆಗೀತೀಯ? ಅದು ಯಾರ್ದು? ಅವ್ರನ್ನ ಕೇಳ್ದಾ?” ಅಂತ ವಿಚಾರಿಸಿ ಒಪ್ಪಿಗೆ ಕೊಟ್ಟರು. ತಮಿಳಿನಲ್ಲಿ ಕೇಳಿದವರಿಗೆ ತಮಿಳಿನಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ. ಚಂದ್ರಲೇಖಾಗೆ ಮಾತ್ರ ಆ ದಿನ ಆಗಲಿಲ್ಲ. “ಇವತ್ತು ಮಂಗಳವಾರ ಕಣವ್ವ. ಮಂಗಳವಾರ ಏನನ್ನೂ ತೆಗೀಬಾರ್ದು. ನಾಳೆ ಮಾಡು.” ಅವಳು ಕಾದಳು. ಬೇರೆ ಹಲವರು ಕಾಯದೆ ಪ್ಯಾಕೇಜನ್ನೇ ಕಿತ್ತುಹಾಕಿದರು.

ಮಹಡಿಯಲ್ಲಿ ಅದಕ್ಕಿಂತ ಕಷ್ಟ. ನಂದೀಶನ ಎಐ ಪ್ರತಿ ಕೆಲಸಕ್ಕೂ ಗೋಪಿನಾಥನ ಒಪ್ಪಿಗೆ ಕೇಳುತ್ತಿತ್ತು. ಆ ಸಾಲುಗಳನ್ನು ಕೈಯಿಂದ ಅಳಿಸುವುದು ಚಿಟಿಕೆ ಹೊಡೆದಷ್ಟು ಸುಲಭ. ಆದರೆ ಕರ್ಪೂರ ಮುಟ್ಟಿ ಒಪ್ಪಿದ್ದನ್ನು ಒಬ್ಬನೇ ಅಳಿಸುವ ಧೈರ್ಯ ಇಬ್ಬರಿಗೂ ಇರಲಿಲ್ಲ, ಸೇರಿ ಅಳಿಸೋಣವೆಂದರೆ ಮಾತಿರಲಿಲ್ಲ. ನಂದೀಶ ಕೆಳಗೆ ಬಂದು, “ಅಮ್ಮ, ಒಪ್ಪಿಗೆ ಕೇಳು” ಎನ್ನುವನು. ವರಲಕ್ಷ್ಮಮ್ಮ ಅರ್ಧ ಮೆಟ್ಟಿಲು ಹತ್ತಿ ಕೂಗುವರು. “ಯಾವ್ ಕೆಲ್ಸಕ್ಕೆ ಅಂತ ಕೇಳಮ್ಮ” ಎಂದು ಮೇಲಿನಿಂದ ಗೋಪಿನಾಥ. ಹೀಗೆ ಹತ್ತಿ ಇಳಿದು ಅಮ್ಮನ ಕಾಲು ಊದಿತು. ಒಂದು ದಿನ ಗೋಪಿನಾಥ, “ಅವನೇ ಬಂದು ‘ಅಣ್ಣಾ’ ಅಂತ ಕೇಳ್ಲಿ, ಕೊಡ್ತೀನಿ” ಎಂದುಬಿಟ್ಟ.

ನಂದೀಶ ಹೆಲ್ಮೆಟ್ ಎತ್ತಿಕೊಂಡ. “ಕೃಷ್ಣಗಿರಿಗೆ ಹೋಗ್ತೀನಿ. ವಕೀಲ್ರೇ ಬಿಡಿಸ್ಲಿ ಇದನ್ನ.”

ಸುದ್ದಿ ಕೇಳಿದ ಮುನಿಯಪ್ಪನವರು ಅಂಬಲಿಯ ಲೋಟ ಅಲ್ಲೇ ಬಿಟ್ಟು ಬಂದರು. ಮೊಣಕಾಲು ಮರೆತು ಮಹಡಿ ಹತ್ತಿದರು. ಅವರಿಗೆ ಉಳಿದಿದ್ದ ಆ ಒಂದೇ ಜಂಬದ ಮಾತು ಆಗ ಹೆದ್ದಾರಿಯಲ್ಲಿ ನಂದೀಶನ ಬೈಕಿನ ಹಿಂದೆ ಕೋರ್ಟಿನ ಕಡೆಗೆ ಓಡುತ್ತಿತ್ತು.

“ಗೋಪಿ, ಅದಕ್ಕೆ ಹೇಳು. ಕಲ್ಲು ನೆಟ್ಟೋನೇ ಬಂದಿವ್ನಿ, ಕಿತ್ತಾಕು ಅಂತ.”

ಗೋಪಿನಾಥ ಒತ್ತಿದ. ಉತ್ತರ ಬಂತು: “ತಮ್ಮ ನಿರ್ಧಾರ ಸಂಪೂರ್ಣವಾಗಿ ಸರಿ. ಆದರೆ ಶುರುವನ್ನು ಮುಟ್ಟಲು ಅಣ್ಣನವರ ಒಪ್ಪಿಗೆ, ತಮ್ಮನವರ ಒಪ್ಪಿಗೆ ಮತ್ತು ಸಾಕ್ಷಿಯ ಹಾಜರಿ ಅಗತ್ಯ. ತಮ್ಮನವರು ಎಲ್ಲಿ?”

ಮುನಿಯಪ್ಪನವರು ಪರದೆಯನ್ನೇ ನೋಡಿದರು. ತಾವು ನೆಟ್ಟ ಕಲ್ಲನ್ನು ತಾವೇ ಅಲ್ಲಾಡಿಸಲಾಗದಷ್ಟು ಗಟ್ಟಿಯಾಗಿ ನೆಟ್ಟಿದ್ದರು. ನಂದೀಶನಿಗೆ ಫೋನ್ ಮಾಡಿದರು. ಅವನು ಅರ್ಧ ದಾರಿಯ ಶೂಳಗಿರಿಯಲ್ಲಿ ಟೀ ಕುಡಿಯುತ್ತಿದ್ದ.

“ಲೇ ನಂದೀಶ, ವಕೀಲ್ರು ಮೊದ್ಲು ಸೊತ್ತು ಎಲ್ಲೈತೆ ಅಂತಾರೆ. ಏನ್ ಹೇಳ್ತೀಯ?”

ಆ ಕಡೆಯ ಲಾರಿಗಳ ಸದ್ದಿಗೆ ಮುನಿಯಪ್ಪನವರು ದನಿ ಏರಿಸಿದರು.

“ಪಾಲು ಕೆಟ್ಟೋಯ್ತು ಕಣ್ಲಾ. ನಂದೇ ತಪ್ಪು. ಇದುವರ್ಗೂ ಒಂದ್ ಕಲ್ಲೂ ಕಿತ್ತೋನಲ್ಲ, ಇವತ್ತು ಕೀಳ್ತೀನಿ ಅಂತ ಬಂದ್ರೆ ಇದು ನೀನಿಲ್ದೆ ಬಿಡಾಂಗಿಲ್ಲ ಅಂತೈತೆ. ಬಾರಪ್ಪ.”

ನಂದೀಶ ಬಂದ. ಬಾಗಿಲಲ್ಲಿ ನಿಂತು ಯಾರ ಕಡೆಗೂ ನೋಡದೆ, “ನಂದು ಒಪ್ಪಿಗೆ” ಎಂದ. ಗೋಪಿನಾಥ, “ನಂದೂ” ಎಂದು ಒತ್ತಿದ. ಮುನಿಯಪ್ಪನವರು ಹಾಜರಿ ಹೇಳಿದರು. ಎಐ ಧನ್ಯವಾದ ಹೇಳಿ, “ಮೂವರೂ ಒಂದೇ ಪಂಕ್ತಿಯಲ್ಲಿ ಊಟ ಮಾಡಿದಿರೇ?” ಎಂದು ಕೇಳಿತು. ಗೋಪಿನಾಥ ಹೌದೆಂದು ಒತ್ತಲು ಹೋದ.

“ಸುಳ್ಳು ಹೇಳ್ಬೇಡ” ಎಂದು ಬಾಗಿಲಿಂದ ವರಲಕ್ಷ್ಮಮ್ಮ. “ಹೊಟ್ಟೆಗೆ ಏನೂ ಇಲ್ದೆ ದುಡೀತೈತೆ ಅದು. ಅದಕ್ಕಾದ್ರೂ ನಿಜ ಹೇಳು. ಏಳಿ, ಎಲೆ ಹಾಕಿದೀನಿ.”

ಮುದ್ದೆ, ಅವರೆಕಾಳಿನ ಸಾರು. ಮೊದಲ ದಿನ ನೆಲದ ಮೇಲೆ ಹಂಚಿದ ಕಾಳುಗಳೇ ಎಂದು ವರಲಕ್ಷ್ಮಮ್ಮ ಆಮೇಲೆ ನಕ್ಕರು. ಯಾರ ಪಾಲು ಯಾರ ಎಲೆಗೆ ಬಿತ್ತೋ ದೇವರಿಗೇ ಗೊತ್ತು. ಮೂವರೂ ತಲೆ ಬಗ್ಗಿಸಿ ಉಂಡರು. ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಬಹಳ ಹೊತ್ತು ತಡೆದುಕೊಂಡ ನಂದೀಶ ಕೈ ಚಾಚಿದ.

“ಉಪ್ಪು ಕೊಡಣ್ಣ.”

“ಕೈಗ್ ಕೊಡ್ಬೇಡ್ಲಾ ಗೋಪಿ!” ಎಂದು ಮುನಿಯಪ್ಪನವರು ಕೂಗಿದರು. “ಕೆಳಗಿಡು, ಎತ್ಕೊಳ್ಲಿ. ಇನ್ನೊಂದ್ ಜಗಳ ಬಿಡಿಸೋ ಶಕ್ತಿ ನಂಗಿಲ್ಲ.”

ಗೋಪಿನಾಥ ಉಪ್ಪಿನ ಬಟ್ಟಲನ್ನು ಕೆಳಗಿಟ್ಟು ತಮ್ಮನ ಕಡೆಗೆ ತಳ್ಳಿದ. ಇಬ್ಬರಿಗೂ ನಗು ಬಂತು.

ಕೈ ತೊಳೆದು ಮಹಡಿ ಹತ್ತಿ, ಹೌದೆಂದು ಒತ್ತಿದರು. ನೆತ್ತಿಯ ಮೇಲಿನ ತೀರ್ಪು, ಫೋನ್ ನಂಬರು ಎರಡೂ ಅಳಿದುಹೋದವು. ಶುರು ಮಾತ್ರ ಇಬ್ಬರಿಗೂ ಸೇರಿದ್ದಾಗಿ ನಡುವೆ ಉಳಿಯಿತು. ಅದರಲ್ಲಿ ಏನಾದರೂ ಬದಲಾಯಿಸಬೇಕಾದರೆ ಈಗ ಒಬ್ಬ ಇನ್ನೊಬ್ಬನ ಕೋಣೆಗೆ ಹೋಗಿ ಕೇಳುತ್ತಾನೆ. ಬಿಟ್ಟುಹೋದವರಲ್ಲಿ ಕೆಲವರು ತಿರುಗಿ ಬಂದರು. ಕೃಷ್ಣಗಿರಿ ಕೋರ್ಟಿಗೆ ಏನೂ ಹೋಗಲಿಲ್ಲ. ಮುನಿಯಪ್ಪನವರು ತಮ್ಮ ಮಾತನ್ನು ಈಗಲೂ ಹೇಳುತ್ತಾರೆ, ಸ್ವಲ್ಪ ಮೆಲ್ಲಗೆ.

ಫೋನ್ ಮಾತ್ರ ನಿಂತುಹೋಯಿತು. ಕೆಲವು ದಿನ ಅದನ್ನು ಅಂಬಲಿಯ ಲೋಟದ ಪಕ್ಕದಲ್ಲೇ ಇಟ್ಟುಕೊಂಡು ಕೂತಿದ್ದರು. ಒಂದು ಬೆಳಿಗ್ಗೆ ಅದು ಹೊಡೆದುಕೊಂಡಿತು.

“ತಾತ, ನಾನು ಚಂದ್ರಲೇಖಾ. ಒಂದು ಫೋಲ್ಡರ್ ತೆಗೀಬೇಕು. ತೆಗೀಲಾ?”

“ಈಗ ಅದು ನನ್ನ ಕೇಳಲ್ವಲ್ಲವ್ವ?”

“ಅದು ಕೇಳಲ್ಲ. ನಾನೇ ಕೇಳ್ತಿದೀನಿ.”

ಮುನಿಯಪ್ಪನವರು ಲೋಟ ಕೆಳಗಿಟ್ಟು ನೆಟ್ಟಗೆ ಕೂತರು.

“ಅದು ಯಾರ್ದು? ಅವ್ರನ್ನ ಕೇಳ್ದಾ? ಇವತ್ತು ಯಾವ್ ವಾರ?”