ಗಂಟಲು ಬೆಳೆಸಿದ ಹಮಾಲಿ

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಮುನಿಯಲ್ಲಪ್ಪ ಅಂತ ಒಬ್ಬ ಹಮಾಲಿ ಇದ್ದ. ಮಂಡಿಯ ಜಗಳಗಳಲ್ಲಿ ಎಷ್ಟು ಹೊಡೆತ ಬಿದ್ದರೂ ಎರಡೂ ಅಂಗೈಯಿಂದ ದವಡೆ ಮುಚ್ಚಿಕೊಂಡು ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಬೆನ್ನನ್ನು ಎಷ್ಟಾದರೂ ಕೊಟ್ಟಾನು, ಬಾಯಿ ಮಾತ್ರ ಕೊಡಲೊಲ್ಲ. ಮದುವೆ ಹೆಣ್ಣಿನ ಹಾಗೆ ಮೂತಿ ಮುಚ್ಚಿಕೊಳ್ಳುತ್ತಾನೆಂದು ಮಂಡಿಯವರು ನಗುತ್ತಿದ್ದರು. ನಗಲಿ ಬಿಡಿ, ಅವನ ಲೆಕ್ಕವೇ ಬೇರೆ.

ಆ ಲೆಕ್ಕ ಹುಟ್ಟಿದ್ದು ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ. ಅವನ ಅಣ್ಣ ಸೊಣ್ಣಪ್ಪ ಲಾರಿಯಿಂದ ತೋತಾಪುರಿ ಇಳಿಸುವಾಗ ಹಲಗೆ ಜಾರಿ, ತುಂಬಿದ ಮಂಕರಿ ಅವನ ಸೊಂಟದ ಮೇಲೆ ಬಿತ್ತು. ಒಣಕಟ್ಟಿಗೆ ಮುರಿದಂಥ ಸದ್ದು. ಸೊಣ್ಣಪ್ಪ ಆಮೇಲೆ ಎದ್ದು ನಿಲ್ಲಲೇ ಇಲ್ಲ. ಅಣ್ಣನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಊರಿಗೆ ಹೋಗುವಾಗ ಮುನಿಯಲ್ಲಪ್ಪ ತೀರ್ಮಾನಿಸಿದ: ಬೆನ್ನು ಹೋಗುವುದರೊಳಗೆ ಗಂಟಲು ದುಡಿಯುವಂತಾಗಬೇಕು. ಮೊದಲು ಹೊರುವುದು, ಆಮೇಲೆ ಕಾಯಿ ವಿಂಗಡಿಸುವುದು, ಆಮೇಲೆ ಹರಾಜು ಕೂಗುವ ಸುಬ್ಬರಾಯಪ್ಪನ ಪಕ್ಕ ನಿಂತು ಕಾಯಿ ಎತ್ತಿ ತೋರಿಸುವುದು. ಕೊನೆಗೆ ತಾನೇ ಕೂಗುವುದು.

"ಲೇ, ಹಮಾಲಿಗೇನ್ಲಾ ಪ್ರಮೋಷನ್ನು? ಕತ್ತೆ ತಹಸೀಲ್ದಾರ್ ಆಗ್ತೈತಾ?" ಅಂದ ಕದಿರೇಶ. ಮಂಡಿಯ ಎರಡು ಹಮಾಲಿ ಗುಂಪುಗಳಲ್ಲಿ ಒಂದರ ಯಜಮಾನ ಅವನು. ಯಾವ ಲಾರಿ ಯಾರು ಇಳಿಸಬೇಕೆಂದು ಗುಂಪುಗಳು ದೊಣ್ಣೆ ಹಿಡಿಯದ ದಿನವೇ ಇರಲಿಲ್ಲ. ಹಲ್ಲು ಉದುರುತ್ತಿದ್ದವು, ಕಿವಿ ಹರಿಯುತ್ತಿದ್ದವು. ಮುನಿಯಲ್ಲಪ್ಪ ಮಾತ್ರ ತಿರುಗಿ ಹೊಡೆದವನಲ್ಲ. ಜಗಳಗಂಟನನ್ನು ಯಾವ ಮಂಡಿ ಸಾಹುಕಾರ ಹರಾಜಿಗೆ ನಿಲ್ಲಿಸಿಯಾನು? ಹಲ್ಲು ಹೋದವನ ಕೂಗು ಯಾರಿಗೆ ತಿಳಿದೀತು?

"ಬೆನ್ನು ನೋಡಿದ್ರೆ ಬದ್ನೆಕಾಯಿ ಕಂಡಂಗೈತೆ," ಎಂದು ಹೆಂಡತಿ ಮುನಿಗಂಗಮ್ಮ ಬಿಸಿ ಉಪ್ಪಿನ ಗಂಟು ಒತ್ತುತ್ತಿದ್ದಳು. "ಆ ಬಾಯಿಗೇನು ಬಂಗಾರ ಕಟ್ಟಿಸಿದೀಯಾ?"

"ಕಟ್ಟಿಸ್ತೀನಿ ಕಣೇ, ತಾಳು."

ಹಂಗಾಮು ಮುಗಿದ ಮೇಲೆ ಮಾಲೂರಿನ ಇಟ್ಟಿಗೆ ಗೂಡಿಗೆ ಕೂಲಿಗೆ ಹೋಗುವನು. ಅಲ್ಲೊಂದು ಹಾಳುಬಾವಿ. ಅದರೊಳಕ್ಕೆ ಬಗ್ಗಿ "ಬಾದಾಮೀ! ರಸಪುರೀ!" ಎಂದು ಕೂಗಿ ಕೂಗಿ ಗಂಟಲು ಬೆಳೆಸಿದ. ಬಾವಿಯ ಪಾರಿವಾಳಗಳು ಜಾಗ ಬಿಟ್ಟು ಹೋದವು. ಹತ್ತು ವರ್ಷ ಹೀಗೇ ಕಳೆಯಿತು. ಅಷ್ಟರಲ್ಲಿ ಮುದುಕ ಸುಬ್ಬರಾಯಪ್ಪನ ದನಿ ಕುಸಿಯಿತು, ಬೆನ್ನು ನೋಯುತ್ತಿದ್ದ ಮುನಿಯಲ್ಲಪ್ಪನ ಸರದಿ ಬಂತು.

ಆ ಬೆಳಿಗ್ಗೆಯೇ ಕದಿರೇಶ ಆಂಧ್ರದ ಪುಂಗನೂರಿನ ಕಡೆಯಿಂದ ಹೊಸ ಆಳುಗಳನ್ನು ಕರೆತಂದಿದ್ದ. ಅವರಲ್ಲಿ ರೆಡ್ಡೆಪ್ಪ ಅನ್ನುವವನಿಗೆ ತೆಲುಗು ಬಿಟ್ಟು ಒಂದಕ್ಷರ ಕನ್ನಡ ಬಾರದು. "ಹೊಡಿ ಅನ್ನೋ ಮಾತು ಬಿದ್ದ ತಕ್ಷಣ ಹೊಡೀರಿ" ಎಂದು ಕದಿರೇಶ ತೆಲುಗಿನಲ್ಲಿ ಅಪ್ಪಣೆ ಕೊಟ್ಟಿದ್ದ. ಎರಡೂ ಗುಂಪಿನವರು ದೊಣ್ಣೆ ಊರಿ ಹರಾಜಿನ ಕಟ್ಟೆಯ ಸುತ್ತ ನಿಂತಿದ್ದರು.

ಮುನಿಯಲ್ಲಪ್ಪ ಕಟ್ಟೆ ಏರಿದ. ಮೊದಲ ರಾಶಿ ಮುಳಬಾಗಿಲು ಕಡೆಯ ರೈತ ಶ್ರೀರಾಮಪ್ಪನದು. ದರ ಏರಿ ಏರಿ ನಿಂತಿತು. ಇನ್ನು ರೈತ ಒಪ್ಪಬೇಕು. ಇಲ್ಲಿ ಸುಬ್ಬರಾಯಪ್ಪ ಮಾಡುತ್ತಿದ್ದುದೇ ಬೇರೆ: ಕಟ್ಟೆ ಇಳಿದು, ರೈತನ ಹೆಗಲ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಮೆಲ್ಲಗೆ "ಕೊಟ್ರಾ?" ಎಂದು ಕೇಳುವನು. ಮುದುಕನಿಗೆ ದನಿಯಿಲ್ಲ, ಅದಕ್ಕೇ ಪಿಸುಗುಡುತ್ತಾನೆ ಎಂದುಕೊಂಡಿದ್ದ ಮುನಿಯಲ್ಲಪ್ಪ. ಬಾವಿಯಲ್ಲಿ ಬೆಳೆಸಿದ ಗಂಟಲನ್ನು ಪೂರಾ ಬಿಟ್ಟು, ಶ್ರೀರಾಮಪ್ಪನತ್ತ ಬೆರಳು ಚಾಚಿ ಕೂಗಿದ:

"ಕೊಟ್ರಾ!"

ಕನ್ನಡದ ಕಿವಿಗೆ ಅದು 'ಮಾಲು ಕೊಟ್ಟಿರಾ' ಎಂಬ ಪ್ರಶ್ನೆ. ತೆಲುಗಿನ ಕಿವಿಗೆ 'ಹೊಡಿಯೋ' ಎಂಬ ಅಪ್ಪಣೆ. ರೆಡ್ಡೆಪ್ಪ ಬೆರಳು ತೋರಿದ ಕಡೆ ನೋಡಿದ, ದೊಣ್ಣೆ ಎತ್ತಿದ, ಶ್ರೀರಾಮಪ್ಪನ ತಲೆಯ ಮೇಲೆ ಇಳಿಸಿದ. ಬಿಳಿ ರುಮಾಲು ಕೆಂಪಾಯಿತು. ಕಾದಿದ್ದ ಎರಡೂ ಗುಂಪು ಒಂದರ ಮೇಲೊಂದು ಬಿದ್ದವು. ಮಂಕರಿಗಳು ಉರುಳಿದವು, ಹಣ್ಣು ಅಪ್ಪಚ್ಚಿಯಾಯಿತು, ಕಾಲಡಿಯಲ್ಲಿ ರಸ ಯಾವುದು ರಕ್ತ ಯಾವುದು ತಿಳಿಯದಾಯಿತು. ಬಿದ್ದ ರೈತನ ಮೇಲೆ ರೆಡ್ಡೆಪ್ಪ ಮತ್ತೆ ದೊಣ್ಣೆ ಎತ್ತಿದ್ದ.

ಮುನಿಯಲ್ಲಪ್ಪನ ಕೈ ರೂಢಿಯಂತೆ ದವಡೆಗೆ ಹೋಯಿತು. ಅರ್ಧಕ್ಕೇ ನಿಂತಿತು. ಕಟ್ಟೆಯಿಂದ ಹಾರಿ, ಎರಡೂ ಕೈಯಿಂದ ಶ್ರೀರಾಮಪ್ಪನ ತಲೆ ತಬ್ಬಿಕೊಂಡು ಬಿದ್ದ. ಮುಖ ಎತ್ತುವಷ್ಟರಲ್ಲಿ ದೊಣ್ಣೆ ನೇರ ಅವನ ಬಾಯಿಗೇ ಬಿತ್ತು. ಬಾಯಿ ತುಂಬ ರಕ್ತ, ಹಲ್ಲು. ದವಡೆ ಪಕ್ಕಕ್ಕೆ ಜೋತುಬಿತ್ತು.

ಆಮೇಲೆ ನಿಜ ತಿಳಿದ ರೆಡ್ಡೆಪ್ಪ ಆಸ್ಪತ್ರೆಗೆ ಬಂದು ಮಂಚದ ಪಕ್ಕ ಕುಕ್ಕರಿಸಿ ಅತ್ತ. "ನುವ್ವೇ ಗದನ್ನಾ ಕೊಟ್ಟಮಂಟಿವಿ!" ನೀನೇ ತಾನೇ ಅಣ್ಣಾ ಹೊಡಿ ಅಂದಿದ್ದು! ಮುನಿಯಲ್ಲಪ್ಪನಿಗೆ ನಗಬೇಕೆನ್ನಿಸಿತು. ದವಡೆಗೆ ತಂತಿ ಬಿಗಿದಿದ್ದರು.

ಮುಂದಿನ ಹಂಗಾಮಿಗೆ ಮಂಡಿಗೆ ಬಂದಾಗ ಅವನ ಮೂತಿ ಸೊಟ್ಟ, ದನಿ ಗೊರಗೊರ. ಮಂಕರಿ ಹೊರಲು ಬೆನ್ನೂ ಇಲ್ಲ. ಕದಿರೇಶ ದಾರಿಗೆ ಅಡ್ಡ ನಿಂತು, "ಏನ್ಲಾ ಸೊಟ್ಟಮೂತಿ, ಎಲ್ಲೋಯ್ತು ನಿನ್ ಪ್ರಮೋಷನ್ನು?" ಅಂದ.

ಲಾರಿಯ ಮೇಲಿಂದ ಉತ್ತರ ಬಂತು. ಹಣೆಯ ಮೇಲೆ ಹೊಲಿಗೆಯ ಗುರುತು ಹೊತ್ತ ಶ್ರೀರಾಮಪ್ಪ ರಾಶಿಯ ಮೇಲೆ ಕೂತಿದ್ದ. "ನನ್ ಮಾಲು ಮುನಿಯಲ್ಲಪ್ಪನೇ ಕೂಗ್ಬೇಕು. ಇಲ್ಲಾಂದ್ರೆ ಲಾರಿ ವಾಪಸ್ ತಿರುಗಿಸ್ತೀನಿ."

ಮಂಡಿ ಸಾಹುಕಾರ ಒಪ್ಪಿ ತಲೆಯಾಡಿಸಿದ. ಮುನಿಯಲ್ಲಪ್ಪ ಕೂಗಿದ್ದು ಕಟ್ಟೆ ದಾಟಿ ಕೇಳುತ್ತಿರಲಿಲ್ಲ. ಕೇಳಬೇಕಾದವರು ಗದ್ದಲ ಬಿಟ್ಟು ಹತ್ತಿರ ಬಂದರು. ದರ ನಿಂತ ಮೇಲೆ ಅವನು ಕಟ್ಟೆ ಇಳಿದು, ರೈತನ ಹೆಗಲ ಮೇಲೆ ಕೈಯಿಟ್ಟು, ಮೆಲ್ಲಗೆ ಕೇಳಿದ:

"ಆಯ್ತಾ, ಶ್ರೀರಾಮಣ್ಣ?"