ಒಮ್ಮೆ ನೋಡಿದರೆ ಮರೆಯದ ನಮ್ಮ ಭಾವ

ನಮ್ಮ ಭಾವನ ಲಾಂಡ್ರಿಯಲ್ಲಿ ಚೀಟಿ ಕೊಡುವ ಪದ್ಧತಿ ಇಲ್ಲ. ಬಟ್ಟೆ ತಂದವರು ಚೀಟಿ ಕೇಳಿದರೆ ಭಾವ ತಮ್ಮ ಹಣೆ ತಟ್ಟಿ ತೋರಿಸುತ್ತಾರೆ. “ಒಂದ್ಸಲ ನೋಡಿದ ಮುಖ ನಾನು ಸಾಯೋವರೆಗೂ ಮರೆಯಲ್ಲ, ಹೋಗಿ ಬನ್ನಿ” ಅನ್ನುತ್ತಾರೆ. ಗಿರಾಕಿಗಳು ಹೋಗಿ, ಬಂದು, ಪಕ್ಕದ ಬೀದಿಯವರ ಪ್ಯಾಂಟು ತೆಗೆದುಕೊಂಡು ಮನೆ ಸೇರುತ್ತಾರೆ. ಅದನ್ನು ವಾಪಸು ತಂದರೆ, ಆ ಪ್ಯಾಂಟನ್ನೇ ಕೇಳಿ ಪಡೆದವರು ನೀವು ಎಂದು ಭಾವ ಸಾಧಿಸುತ್ತಾರೆ. ಈ ಮನುಷ್ಯನ ಜೊತೆ ನನ್ನ ಅಕ್ಕ ಇಪ್ಪತ್ತು ವರ್ಷ ಸಂಸಾರ ಮಾಡಿದ್ದಾಳೆ. ಅವಳು ಹುಟ್ಟಿದ ದಿನ ಒಂದು ವರ್ಷವೂ ಭಾವನ ನೆನಪಿಗೆ ಬಂದಿಲ್ಲ. ಕೇಳಿದರೆ, ಅವಳೇ ತಾರೀಖು ತಪ್ಪು ಹೇಳಿದ್ದಾಳೆ ಅನ್ನುತ್ತಾರೆ. ನಾನು ಅದೇ ಅಂಗಡಿಯಲ್ಲಿ ಇಸ್ತ್ರಿ ಹಾಕುವವನು. ಅಕ್ಕನ ಮುಖ ನೋಡಿಕೊಂಡು ಇದ್ದೇನೆ.

ಒಂದು ದಿನ ವಕೀಲರೊಬ್ಬರು ತಮ್ಮ ಕರಿ ಕೋಟು ಕೇಳಿಕೊಂಡು ಬಂದರು. ಕೊಕ್ಕೆ ಖಾಲಿ ಇತ್ತು. ಭಾವ ಆ ಕೊಕ್ಕೆಯನ್ನು ಸ್ವಲ್ಪ ಹೊತ್ತು ನೋಡಿ, “ಯಾರೋ ಎತ್ಕೊಂಡು ಹೋಗಿರ್ಬೇಕು” ಅಂದರು. ಅಲ್ಲಿಗೇ ಬಾಯಿ ಮುಚ್ಚಿದ್ದರೆ ಅವರ ಗಂಟೇನು ಹೋಗುತ್ತಿತ್ತು? ವಕೀಲರು ದಬಾಯಿಸಿದಂತೆಲ್ಲ ಆ ‘ಯಾರೋ’ಗೆ ಕೈಕಾಲು ಬಂದವು. ಮಧ್ಯಾಹ್ನದ ಹೊತ್ತಿಗೆ ಭಾವ ಓಡುವವನ ಬೆನ್ನು ನೋಡಿದ್ದರು. ಸಂಜೆಗೆ ಅವನು ತಿರುಗಿಯೂ ನೋಡಿದ್ದ. ಮರುದಿನ ವಕೀಲರ ದೂರಿನ ಮೇಲೆ ನಾವಿಬ್ಬರೂ ಪೊಲೀಸ್ ಠಾಣೆ ಮುಟ್ಟುವಷ್ಟರಲ್ಲಿ ಅವನಿಗೆ ಕುರುಚಲು ಗಡ್ಡವೂ ಬಂದಿತ್ತು. ಭಾವ ಸುಳ್ಳು ಹೇಳಿದರು ಎಂದರೆ ಅವರಿಗೆ ಇಲ್ಲದ ಮರ್ಯಾದೆ ಕೊಟ್ಟಂತಾಗುತ್ತದೆ. ಸುಳ್ಳುಗಾರನಿಗೆ ನಿಜ ಯಾವುದೆಂದಾದರೂ ಗೊತ್ತಿರುತ್ತದೆ. ಇವರು ಹೇಳುತ್ತ ಹೇಳುತ್ತ ತಾವೇ ನಂಬಿಬಿಟ್ಟಿದ್ದರು.

ಠಾಣೆಯಲ್ಲಿ, ಭಾವ ಕಳ್ಳನನ್ನು ಗುರುತು ಹಿಡಿಯಲೆಂದು, ಆರು ಜನರನ್ನು ಗೋಡೆಗೆ ಒತ್ತಿ ಸಾಲಾಗಿ ನಿಲ್ಲಿಸಿದ್ದರು. ಒಬ್ಬ ಹಳೇ ಜೇಬುಗಳ್ಳ, ಉಳಿದವರು ಸಾಲು ತುಂಬಿಸಲು ಸಿಕ್ಕವರು. ಅವರಲ್ಲೊಬ್ಬ ಠಾಣೆಯ ಕ್ಯಾಂಟೀನಿಗೆ ಬ್ರೆಡ್ ಕೊಡಲು ಬಂದಿದ್ದ ಬೇಕರಿಯ ಆಳು. ದಿನಾ ಬೆಳಿಗ್ಗೆ ಉಣ್ಣೆ ಟೋಪಿ ಹಾಕಿಕೊಂಡು, ನಮ್ಮ ಅಂಗಡಿ ಮುಂದೆ ಸೈಕಲ್ ತುಳಿಯುತ್ತ, ಭಾವನಿಗೊಂದು ನಮಸ್ಕಾರ ಹೊಡೆದು ಹೋಗುವವನು.

ಮುಖ ಗೊತ್ತಿದೆ ಅನ್ನುವುದು ತಲೆಯೊಳಗಿನ ಒಂದು ಕೆಲಸ, ಎಲ್ಲಿ ನೋಡಿದ್ದು ಅನ್ನುವುದು ಇನ್ನೊಂದು. ಮೊದಲನೆಯದು ಕಣ್ಣಿಗೆ ಬಿದ್ದ ಕೂಡಲೇ ಆಗಿಬಿಡುತ್ತದೆ. ಎರಡನೆಯದು ತಡವಾಗಿ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. ದಿನಾ ಔಷಧಿ ಕೊಡುವವನು ಸಿನಿಮಾ ಟಿಕೆಟ್ಟಿನ ಸಾಲಿನಲ್ಲಿ ಸಿಕ್ಕರೆ, ಇವನ್ಯಾರಪ್ಪ ಎಂದು ನಾವೆಲ್ಲ ತಲೆ ಕೆರೆದುಕೊಳ್ಳುತ್ತೇವೆ. ಭಾವ ತಲೆ ಕೆರೆದುಕೊಳ್ಳುವ ಪೈಕಿ ಅಲ್ಲ. ಟೋಪಿಯೂ ಸೈಕಲ್ಲೂ ಇಲ್ಲದ ಆ ಪರಿಚಿತ ಮುಖವನ್ನು ಎಲ್ಲಿಡಬೇಕೆಂದು ತಿಳಿಯದೆ, ಓಡಿಹೋದವನ ಕತ್ತಿನ ಮೇಲೆ ಇಟ್ಟರು.

“ಇವನೇ. ಈ ಮುಖ ನಾನು ಎಲ್ಲಿದ್ರೂ ಗುರುತು ಹಿಡೀತೀನಿ.”

“ಭಾವ, ಇವನು ಬ್ರೆಡ್ಡಿನವನು. ದಿನಾ ನಿಮಗೆ ನಮಸ್ಕಾರ ಮಾಡ್ತಾನೆ,” ಎಂದೆ.

“ನೀನು ಹೋಗಿ ಇಸ್ತ್ರಿ ನೋಡ್ಕೋ.”

ಇನ್‌ಸ್ಪೆಕ್ಟರು ಬ್ರೆಡ್ಡಿನವನನ್ನು, ಆ ಲಾಂಡ್ರಿ ಗೊತ್ತಾ ಎಂದು ಕೇಳಿದರು. “ಗೊತ್ತು ಸಾರ್, ದಿನಾ ಅದರ ಮುಂದೇನೇ ಹೋಗ್ತೀನಿ,” ಎಂದು ಆ ಪಾಪದವನು ನಿಜವನ್ನೇ ಹೇಳಿದ. ಅವರಿಗೆ ಅಷ್ಟೇ ಸಾಕಾಯಿತು.

ನಾಲ್ಕು ದಿನ ಬಿಟ್ಟು ಹೋಟೆಲ್ ಮ್ಯಾನೇಜರೊಬ್ಬರು ಅದೇ ಕೋಟು ಹಿಡಿದುಕೊಂಡು ಬಂದರು. “ಏನ್ರೀ, ನಿಮ್ಮಲ್ಲಿ ಒಗೆದ್ರೆ ಬಟ್ಟೆ ಬೆಳೆಯುತ್ತಾ? ತೋಳು ಬೆರಳು ದಾಟಿ ಬಂದಿದೆ.” ವಕೀಲರ ಕೋಟನ್ನು ಭಾವನೇ ಕೈಯಾರೆ, ಮುಖ ನೋಡಿ, ಇವರಿಗೆ ಕೊಟ್ಟಿದ್ದರು. ಇವರ ಕೋಟು ಮೂಲೆಯ ಗಂಟಿನಲ್ಲಿ ಒಗೆಯದೆ ಬಿದ್ದಿತ್ತು. ಪೊಲೀಸರು ಬ್ರೆಡ್ಡಿನವನನ್ನು ಅವತ್ತೇ ಬಿಟ್ಟರು. ಅಷ್ಟರಲ್ಲಿ ಬೇಕರಿ ಯಜಮಾನರು ಅವನ ಸೈಕಲ್ಲನ್ನು ಬೇರೆಯವನಿಗೆ ಕೊಟ್ಟಾಗಿತ್ತು.

ವಾರ ಕಳೆದು ಅವನು ನಮ್ಮ ಅಂಗಡಿಗೆ ಬಂದ. ನಾನಾಗಿದ್ದರೆ ಇಸ್ತ್ರಿ ಪೆಟ್ಟಿಗೆ ಎತ್ತಿಕೊಳ್ಳುತ್ತಿದ್ದೆ. ಅವನು ಕೈಕಟ್ಟಿ ನಿಂತ.

“ಸಾರ್, ನನಗೆ ಬೇರೇನೂ ಬೇಡ. ನಮ್ಮ ಯಜಮಾನರ ಹತ್ರ ಬಂದು, ‘ನಾನು ತಪ್ಪು ಗುರುತು ಹಿಡಿದೆ’ ಅಂತ ಒಂದು ಮಾತು ಹೇಳಿ. ಹೇಳಿದ್ರೆ ಕೆಲಸ ವಾಪಸ್ ಕೊಡ್ತಾರಂತೆ. ಮನೇಲಿ ಮಕ್ಕಳಿದ್ದಾರೆ.”

“ಅದಕ್ಕೇನಂತೆ, ನಡಿ,” ಎಂದು ಭಾವ ಯಾರದೋ ಇಸ್ತ್ರಿಯಾದ ಶರ್ಟು ಹಾಕಿಕೊಂಡು ಹೊರಟರು. ನಾನೂ ಇಸ್ತ್ರಿ ಬಿಟ್ಟು ಹಿಂದೆಯೇ ಹೊರಟೆ. ಯಾಕೆಂದರೆ ಠಾಣೆಯ ಕಥೆಯನ್ನು ಅವರು ಬಂದಬಂದ ಗಿರಾಕಿಗೆಲ್ಲ ಹೇಳುತ್ತಿದ್ದುದನ್ನು ನಾನು ಕೇಳಿಸಿಕೊಂಡಿದ್ದೆ. ಮೊದಮೊದಲು ‘ಇವನೇ ಅಂದೆ’ ಎಂದಿತ್ತು. ಆಮೇಲೆ ‘ಇವನ ಥರಾನೇ ಇದ್ದ ಅಂದೆ’ ಎಂದಾಯಿತು. ಆಮೇಲೆ ‘ಇವನು ಹೌದೋ ಅಲ್ವೋ, ನನಗ್ಯಾಕೋ ಅನುಮಾನ ಅಂದೆ’. ನೆನಪನ್ನು ಹೊರಗೆ ತೆಗೆದಾಗೆಲ್ಲ ನಾವು ಅದನ್ನು ಹೊಸದಾಗಿ ಮಡಿಸಿ ಒಳಗಿಡುತ್ತೇವೆ. ಭಾವ ತಮ್ಮ ಮುಖಕ್ಕೆ ಒಪ್ಪುವ ಹಾಗೆ ಮಡಿಸುತ್ತ ಬಂದಿದ್ದರು. ದಾರಿಯುದ್ದಕ್ಕೂ ನಾನು, “ತಪ್ಪಾಯ್ತು ಅಂತಷ್ಟೇ ಹೇಳಿ ಭಾವ,” ಎಂದು ಗೋಗರೆದೆ. ಅವರು ಹೂಂ ಎಂದು ತಲೆಯಾಡಿಸಿದರು.

ಬೇಕರಿಯಲ್ಲಿ ಅವರಿಗೆ ಕುರ್ಚಿ ಹಾಕಿದರು. ಕುರ್ಚಿ ಸಿಕ್ಕರೆ ಭಾವನನ್ನು ಹಿಡಿಯುವವರಿಲ್ಲ.

“ನೋಡಿ ಯಜಮಾನ್ರೇ, ನನ್ನ ನೆನಪು ಎಂಥದ್ದು ಅಂತ ಇಡೀ ಬೀದಿಗೆ ಗೊತ್ತು. ಠಾಣೇಲಿ ನಾನು ಮೊದಲೇ ಹೇಳ್ದೆ, ಇವನಲ್ಲ, ಪಾಪ ಬಿಟ್ಬಿಡಿ ಅಂತ. ಪೊಲೀಸರು ಕೇಳ್ಲೇ ಇಲ್ಲ.”

ಬ್ರೆಡ್ಡಿನವನು ನನ್ನ ಕಡೆ ತಿರುಗಿದ. “ಭಾವ, ಬೆರಳು ತೋರಿಸಿದ್ದು ನೀವೇ. ನಾನು ಪಕ್ಕದಲ್ಲೇ ಇದ್ದೆ,” ಎಂದು ನಾನು ಕೂಗಿಕೊಂಡೆ. ಯಜಮಾನರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕುರ್ಚಿ ಇದ್ದದ್ದು ಭಾವನಿಗೆ.

“ಅಂಗಡಿಯವರೇ ಇವನಲ್ಲ ಅಂದ್ರೂ ಪೊಲೀಸರು ನಾಲ್ಕು ದಿನ ಇಟ್ಕೊಂಡಿದ್ರು ಅಂದ್ಮೇಲೆ,” ಎಂದು ಅವರು ನಿಧಾನವಾಗಿ ಯೋಚಿಸಿದರು, “ಇವನ ಮೇಲೆ ಬೇರೆ ಏನೋ ಇರ್ಬೇಕು. ನನಗೆ ಬೇಡಪ್ಪ ಇವನ ಸಹವಾಸ.”

ಭಾವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಆ ಮುಖದಲ್ಲಿ ಎಲ್ಲಾದರೂ ಕಪಟ ಕಾಣುತ್ತದೆಯೇ ಎಂದು ಹುಡುಕಿದೆ. ಒಂದು ಚೂರೂ ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಅಸಹ್ಯವಾಗುತ್ತಿರಲಿಲ್ಲ.

ಬೀದಿಗೆ ಬಂದ ಮೇಲೆ ಅವರು ಬ್ರೆಡ್ಡಿನವನ ಹೆಗಲ ಮೇಲೆ ಕೈಯಿಟ್ಟರು. “ನನ್ನ ಕೈಲಾದಷ್ಟು ಹೇಳ್ದೆ ಕಣಪ್ಪ. ಮಾಡಿದ ಉಪಕಾರ ಈ ಕಾಲದಲ್ಲಿ ಯಾರಿಗೂ ನೆನಪಿರಲ್ಲ. ನೀನಾದ್ರೂ ಮರೀಬೇಡ.”

“ಮರೆಯಲ್ಲ ಸಾರ್,” ಎಂದು ಅವನು ಆ ಕೈಯನ್ನು ಹೆಗಲಿನಿಂದ ಇಳಿಸಿ, ನಡೆದುಕೊಂಡು ಹೋದ. ಈಗ ಭಾವ ಅದನ್ನೂ ಗಿರಾಕಿಗಳಿಗೆ ಹೇಳುತ್ತಾರೆ: ಬ್ರೆಡ್ಡಿನವನು ಅಳುತ್ತಾ ಕಾಲಿಗೆ ಬಿದ್ದನಂತೆ.